ಉಣ್ಣಿ, ಅದರೊಳಗಿನ ಬ್ಯಾಕ್ಟೀರಿಯಾ, ಅದಕ್ಕೆ ಆಸರೆ ಕೊಡುವ ಪ್ರಾಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಡಿಸೆಂಬರ್ ಕಳೆದು ಪೇಪರಿನಲ್ಲಿ ಮಂಗನ ಕಾಯಿಲೆಯ ಸುದ್ದಿ ಶುರುವಾದರೆ ನನ್ನ ಫೋನೂ ಶುರುವಾಗುತ್ತದೆ. ಮನೆ ಹೆಬ್ರಿ ಕಡೆ, ಕೆಲಸ ಲ್ಯಾಬಿನಲ್ಲಿ, ಅದೂ ಉಣ್ಣಿಗಳ ಜೊತೆ. ಹಾಗಾಗಿ ನೆಂಟರು, ನೆರೆಕರೆಯವರು, ಕಾಲೇಜಿಗೆ ಹೋಗುವ ಅವರ ಮಕ್ಕಳು, ಎಲ್ಲರ ಪ್ರಶ್ನೆಯೂ ನನ್ನ ಹತ್ತಿರವೇ ಬರುತ್ತದೆ. ಹೇಳಿದ್ದನ್ನೇ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಲಿಂಕ್ ಕಳಿಸಿಬಿಡಬಹುದಲ್ವಾ? ಅದಕ್ಕೇ ಇದು.

ಉಣ್ಣಿ ಅಂದ್ರೆ ಹೇನಿನ ಜಾತಿಯದ್ದಾ?

ಅಲ್ಲ. ಹೇನು ಕೀಟ, ಅದಕ್ಕೆ ಆರು ಕಾಲು. ಉಣ್ಣಿ ಜೇಡ, ಚೇಳುಗಳ ಬಳಗದ್ದು, ಬೆಳೆದ ಮೇಲೆ ಎಂಟು ಕಾಲು. ಕೆಲವರು ಉಣುಗು ಅಂತಾರೆ, ಕೆಲವರು ಉಣ್ಣೆ ಅಂತಾರೆ. ಎಲ್ಲ ಒಂದೇ.

ಮೊಟ್ಟೆಯಿಂದ ಹೊರಗೆ ಬರುವ ಮರಿಗೆ ಮಾತ್ರ ಆರೇ ಕಾಲು. ಅದು ಲಾರ್ವಾ. ಅದು ಒಂದು ಸಲ ರಕ್ತ ಕುಡಿದು ಪೊರೆ ಕಳಚಿ ನಿಂಫ್ ಆಗುತ್ತದೆ. ನಿಂಫ್ ಇನ್ನೊಂದು ಸಲ ಕುಡಿದು ದೊಡ್ಡ ಉಣ್ಣಿ ಆಗುತ್ತದೆ. ಹೆಣ್ಣು ಮೂರನೇ ಸಲ ಹೊಟ್ಟೆ ಬಿರಿಯುವಷ್ಟು ಕುಡಿದು, ಕೆಳಗೆ ಉದುರಿ, ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಇಡೀ ಜೀವನಕ್ಕೆ ಮೂರೇ ಊಟ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಗನ ಕಾಯಿಲೆಯೂ ಇದೇ ಅಲ್ವಾ?

ಉಣ್ಣಿಯಿಂದ ಬರುವುದು ಹೌದು, ಆದರೆ ಅದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಗೊತ್ತಾಯಿತು. 1982-83ರಲ್ಲಿ ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕಾಡಂಚಿನ ಊರುಗಳನ್ನೂ ಹಿಡಿದು ಅಲ್ಲಾಡಿಸಿತು. ಅದನ್ನು ನೆನಪಿಸಿಕೊಳ್ಳುವ ಹಿರಿಯರು ಆ ಕಡೆ ಈಗಲೂ ಇದ್ದಾರೆ.

ಈ ಪುಟದಲ್ಲಿ ಹೇಳುತ್ತಿರುವುದು ಉಣ್ಣಿಯೊಳಗಿನ ಬ್ಯಾಕ್ಟೀರಿಯಾಗಳ ಬಗ್ಗೆ. ರಿಕೆಟ್ಸಿಯಾ, ಎರ್ಲಿಕಿಯಾ, ಅನಾಪ್ಲಾಸ್ಮಾ, ಬೊರ್ರೇಲಿಯಾ ಇತ್ಯಾದಿ. ವ್ಯತ್ಯಾಸ ಸಣ್ಣದಲ್ಲ. ಬ್ಯಾಕ್ಟೀರಿಯಾಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ, ಮಂಗನ ಕಾಯಿಲೆಯ ವೈರಸ್ಸಿಗೆ ಮಾಡುವುದಿಲ್ಲ.

ಇಷ್ಟು ವರ್ಷ ಇಲ್ಲದ ಬ್ಯಾಕ್ಟೀರಿಯಾ ಈಗ ಎಲ್ಲಿಂದ ಬಂತು?

ಹೆಚ್ಚಿನ ಸಲ ಅದು ಎಲ್ಲಿಂದಲೂ ಬಂದಿರುವುದಿಲ್ಲ. ಇಲ್ಲೇ ಇತ್ತು, ನಾವು ಅದನ್ನು ಬೇರೆ ಯಾವುದೋ ಹೆಸರಿನಲ್ಲಿ ಕರೆಯುತ್ತಿದ್ದೆವು.

ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ. 1930ರ ದಶಕದ ಕೊನೆಯಲ್ಲಿ ರಾಲ್ಫ್ ಪಾರ್ಕರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಟೆಕ್ಸಾಸಿನ ಉಣ್ಣಿಗಳಿಂದ ಒಂದು ರಿಕೆಟ್ಸಿಯಾ ತೆಗೆದರು. ಮುಂದೆ ಅದಕ್ಕೆ ಅವರ ಹೆಸರೇ ಬಂತು, ರಿಕೆಟ್ಸಿಯಾ ಪಾರ್ಕೆರಿ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ ಎಂದೇ ಅಂದುಕೊಂಡಿದ್ದರು. ಅದರಿಂದ ಜ್ವರ ಬಂದ ಮೊದಲ ರೋಗಿ ಖಚಿತವಾಗಿ ಸಿಕ್ಕಿದ್ದು 2002ರಲ್ಲಿ. ನಡುವೆ ಅರವತ್ತಕ್ಕೂ ಜಾಸ್ತಿ ವರ್ಷ. ಅಷ್ಟು ವರ್ಷ ಯಾರಿಗೂ ಬಂದಿರಲಿಲ್ಲವಾ? ಬಂದೇ ಇರಬೇಕು. ಅದೇ ತರದ ಚುಕ್ಕೆ ಜ್ವರ ಇನ್ನೊಂದಿತ್ತು, ಎಲ್ಲರನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಟ್ಟಿರಬೇಕು.

ಹಾಗಾದರೆ ‘ಇದು ಬೇರೆ’ ಅಂತ ಮೊದಲು ಗೊತ್ತಾಗೋದು ಹೇಗೆ?

ಮೂರು ದಾರಿ. ರೋಗಿಯಿಂದ, ಉಣ್ಣಿಯಿಂದ, ಇಲ್ಲವೇ ಪ್ರಾಣಿಯಿಂದ.

ರೋಗಿಯಿಂದ ಗೊತ್ತಾದ ಕಥೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅಮೆರಿಕದ ಮೇಯೋ ಕ್ಲಿನಿಕ್ಕಿನದು. ಅಲ್ಲಿ ಬೊರ್ರೇಲಿಯಾದಿಂದ ಬರುವ ಲೈಮ್ ಕಾಯಿಲೆಯ ಅನುಮಾನ ಇರುವವರ ಸ್ಯಾಂಪಲ್‌ಗಳನ್ನು ಪಿಸಿಆರ್ ಮಾಡುತ್ತಾರೆ, ಅಂದರೆ ಬ್ಯಾಕ್ಟೀರಿಯಾದ ಡಿಎನ್ಎಯ ಒಂದು ತುಂಡನ್ನು ಲಕ್ಷಾಂತರ ಪ್ರತಿ ಮಾಡುತ್ತಾರೆ. ಕೊನೆಗೆ ಆ ಡಿಎನ್ಎಯನ್ನು ನಿಧಾನಕ್ಕೆ ಬಿಸಿ ಮಾಡಿ, ಅದರ ಎರಡು ಎಳೆಗಳು ಎಷ್ಟು ಡಿಗ್ರಿಯಲ್ಲಿ ಬಿಡಿಸಿಕೊಳ್ಳುತ್ತವೆ ಎಂದು ನೋಡುತ್ತಾರೆ. ಪ್ರತಿ ಜಾತಿಗೂ ಆ ಡಿಗ್ರಿ ಸ್ವಲ್ಪ ಬೇರೆ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಪಕ್ಕದ ಎಳ್ಳೆಣ್ಣೆ ನೀರಿನಂತೆ ಇರುತ್ತದೆ. ಮುಚ್ಚಳ ತೆಗೆಯದೆ ಯಾವುದು ಯಾವುದೆಂದು ಹೇಳಬಹುದು. ಇದೂ ಹಾಗೆಯೇ.

2012ರಿಂದ 2014ರ ನಡುವೆ ಆರು ಜನರ ಸ್ಯಾಂಪಲ್ ಎಂದಿನ ಡಿಗ್ರಿಯಲ್ಲಿ ಬಿಡಿಸಿಕೊಳ್ಳಲಿಲ್ಲ. ‘ಮೆಷಿನ್ ಸರಿ ಇಲ್ಲ’ ಎಂದು ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಿಡಲಿಲ್ಲ. ಜೀನುಗಳನ್ನು ಓದಿಸಿದರು. ಅದು ಬೊರ್ರೇಲಿಯಾದ ಹೊಸ ಪ್ರಭೇದವಾಗಿತ್ತು. 2016ರಲ್ಲಿ ಬೊರ್ರೇಲಿಯಾ ಮೇಯೋನಿ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಆಮೇಲೆ ಅದು ಉಣ್ಣಿಯಲ್ಲೂ ಸಿಕ್ಕಿತು, ಮಿನೆಸೋಟಾದ ಕಾಡಿಲಿ ಮತ್ತು ಕೆಂಪು ಅಳಿಲಿನಲ್ಲೂ ಸಿಕ್ಕಿತು.

ಪ್ರಾಣಿಯಿಂದ ಶುರುವಾದದ್ದೂ ಇದೆ. ಚೀನಾದಲ್ಲಿ ಆಡುಗಳ ರಕ್ತದಲ್ಲಿ ಕಂಡ ಒಂದು ಅನಾಪ್ಲಾಸ್ಮಾ, ಹುಡುಕುತ್ತಾ ಹೋದಾಗ ಉಣ್ಣಿ ಕಚ್ಚಿಸಿಕೊಂಡ 28 ಜನರಲ್ಲೂ ಸಿಕ್ಕಿತು. 2015ರಲ್ಲಿ ವರದಿಯಾಯಿತು. ಲ್ಯಾಟಿನ್‌ನಲ್ಲಿ ಕಾಪ್ರಾ ಅಂದರೆ ಆಡು, ಹಾಗಾಗಿ ಅದು ಅನಾಪ್ಲಾಸ್ಮಾ ಕಾಪ್ರಾ.

ಉಣ್ಣಿಯನ್ನು ಹುಡುಕಿ ಹಿಡಿಯೋದು ಹೇಗೆ?

ಹುಡುಕುವುದೇನೂ ಬೇಡ, ಅವೇ ಬರುತ್ತವೆ. ಒಂದು ಮೀಟರ್ ಉದ್ದಗಲದ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಬದಿಗೆ ಕೋಲು, ಕೋಲಿಗೆ ಹಗ್ಗ. ಇಷ್ಟೇ ಸಾಮಾನು. ಹಾಡಿಯೊಳಗೆ ತರಗೆಲೆಗಳ ಮೇಲೆ ಅದನ್ನು ನಿಧಾನಕ್ಕೆ ಎಳೆದುಕೊಂಡು ಹೋಗುವುದು, ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಮಗುಚಿ ನೋಡುವುದು. ಉಣ್ಣಿ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಎಲೆಯ ತುದಿಯಲ್ಲಿ ಮುಂದಿನ ಎರಡು ಕಾಲು ಚಾಚಿಕೊಂಡು ಕಾಯುತ್ತದೆ. ಆ ಮುಂಗಾಲುಗಳಲ್ಲೇ ನಮ್ಮ ಉಸಿರು, ಮೈಬಿಸಿ ಗೊತ್ತಾಗುವ ಅಂಗ ಇದೆ. ಏನಾದರೂ ತಾಗಿದರೆ ಸಾಕು, ಅಂಟಿಕೊಳ್ಳುತ್ತದೆ.

ಲಾರ್ವಾಗಳ ಗುಂಪಿಗೆ ಬಟ್ಟೆ ತಾಗಿದರೆ ನೋಡಬೇಕು. ಯಾರೋ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ. ಎರಡು ಕ್ಷಣ ಬಿಟ್ಟು ಆ ಪುಡಿ ನಾಲ್ಕೂ ದಿಕ್ಕಿಗೆ ನಡೆಯಲು ಶುರು ಮಾಡುತ್ತದೆ. ಮೊದಲ ಸಲ ನೋಡಿದಾಗ ನಾನು ಬಟ್ಟೆಯನ್ನೇ ಬಿಸಾಡಿ ಓಡಿದ್ದೆ, ಮಾರಾಯ್ರೆ. ಈಗ ಅಗಲದ ಸೆಲ್ಲೋಟೇಪಿನಲ್ಲಿ ಒತ್ತಿ ಎತ್ತುತ್ತೇನೆ.

ಕಾಲವೂ ಮುಖ್ಯ. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣ್ಣಿಯ ಲಾರ್ವಾಗಳು ಮಳೆ ಬಿಟ್ಟ ಮೇಲೆ, ನಿಂಫ್‌ಗಳು ನವೆಂಬರಿನಿಂದ ಮೇ ತನಕ, ದೊಡ್ಡವು ಮಳೆಗಾಲದಲ್ಲಿ. ಮನುಷ್ಯರಿಗೆ ಕಚ್ಚುವುದು ಜಾಸ್ತಿ ನಿಂಫೇ. ಹಟ್ಟಿಗೆ ಹಾಸಲು ತರಗೆಲೆ ಗುಡಿಸಿ ತರುವ ಕಾಲವೂ ಅದೇ, ನೋಡಿ.

ಲ್ಯಾಬಿಗೆ ತಂದ ಮೇಲೆ?

ಮೊದಲು ಉಣ್ಣಿ ಯಾವುದು ಎಂದು ಗೊತ್ತಾಗಬೇಕು. ಮೈಕ್ರೋಸ್ಕೋಪಿನ ಕೆಳಗೆ ಅದರ ಬೆನ್ನಿನ ಚಿಪ್ಪು, ಬಾಯಿಯ ಭಾಗ, ಹಿಂದಿನ ಅಂಚಿನಲ್ಲಿ ಸೀರೆಯ ನೆರಿಗೆಯಂತಿರುವ ಗೆರೆಗಳು, ಇವನ್ನೆಲ್ಲ ನೋಡುತ್ತೇವೆ. ಹೀಮಾಫೈಸಾಲಿಸ್‌ಗೆ ಕಣ್ಣೇ ಇಲ್ಲ. ಆಂಬ್ಲಿಯೊಮ್ಮಾದ ಬಾಯಿ ಉದ್ದ. ನಾಯಿ ಉಣ್ಣಿಯ ಬಾಯಿಯ ಬುಡ ಆರು ಮೂಲೆಯದು. ರಕ್ತ ಕುಡಿದು ಊದಿಕೊಂಡ ಉಣ್ಣಿಯಾದರೆ ಇದೆಲ್ಲ ಕಷ್ಟ, ಎಲ್ಲವೂ ಹುಣಸೆ ಬೀಜದ ತರ ಕಾಣುತ್ತವೆ.

ಆಮೇಲೆ ಮೇಲ್ಮೈ ತೊಳೆಯುವುದು. ನಮಗೆ ಬೇಕಾದದ್ದು ಒಳಗಿನ ಬ್ಯಾಕ್ಟೀರಿಯಾ, ಚಿಪ್ಪಿಗೆ ಅಂಟಿದ ಮಣ್ಣಿನದ್ದಲ್ಲ. ಅದಾದ ಮೇಲೆ ಅರ್ಧ ಕತ್ತರಿಸಿ, ಒಂದರ್ಧ ಮೈನಸ್ 80 ಡಿಗ್ರಿಯ ಫ್ರೀಜರಿಗೆ, ಇನ್ನರ್ಧ ಅರೆದು ಡಿಎನ್ಎ ತೆಗೆಯಲು. ಲಾರ್ವಾ ತೀರಾ ಚಿಕ್ಕದಾದ್ದರಿಂದ ಕೆಲವನ್ನು ಒಟ್ಟಿಗೆ ಒಂದೇ ಟ್ಯೂಬಿಗೆ ಹಾಕಿ ಅರೆಯುತ್ತೇವೆ.

ಪಿಸಿಆರ್ ಮಾಡುವಾಗ ಒಂದು ಟ್ಯೂಬಿಗೆ ಡಿಎನ್ಎ ಬದಲು ಬರೀ ನೀರು ಹಾಕಿರುತ್ತೇವೆ. ಅದರಲ್ಲಿ ಏನೂ ಬರಬಾರದು. ಬ್ಯಾಕ್ಟೀರಿಯಾದ ಡಿಎನ್ಎ ಇದ್ದರೆ ಫಲಿತಾಂಶದಲ್ಲಿ ಗೆರೆ ಕಾಣುತ್ತದೆ. ಒಂದು ಸಲ ನನಗೆ ಹನ್ನೆರಡು ಟ್ಯೂಬಿನಲ್ಲಿ ಚಂದದ ಗೆರೆಗಳು ಬಂದವು. ಕುಣಿದಾಡುವುದೊಂದೇ ಬಾಕಿ. ಹದಿಮೂರನೆಯದು ನೀರಿನ ಟ್ಯೂಬ್. ಅದರಲ್ಲೂ ಅಷ್ಟೇ ಚಂದದ ಗೆರೆ! ಹಿಂದಿನ ವಾರದ ಡಿಎನ್ಎ ನನ್ನ ಪಿಪೆಟ್ಟಿಗೆ ಹತ್ತಿಕೊಂಡಿತ್ತು. ಎರಡು ವಾರದ ಕೆಲಸ ಸಿಂಕಿಗೆ ಹೋಯಿತು.

ಎಷ್ಟು ಬೇರೆ ಇದ್ದರೆ ‘ಹೊಸ ಪ್ರಭೇದ’ ಅಂತಾರೆ?

ಶುರು ಮಾಡುವುದು 16ಎಸ್ ಎಂಬ ಜೀನಿನಿಂದ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಡಿಎನ್ಎಯ ಸುಮಾರು 1,500 ಅಕ್ಷರ (ಎ, ಟಿ, ಜಿ, ಸಿ) ಉದ್ದ. ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಸಿದಾಗ ಹೋಲಿಕೆ ಸುಮಾರು ಶೇ 98.7ಕ್ಕಿಂತ ಕಡಿಮೆ ಇದ್ದರೆ ಬೇರೆ ಪ್ರಭೇದ ಎನ್ನಲು ಒಳ್ಳೆಯ ಕಾರಣ ಇದೆ. ಅಂದರೆ 1,500ರಲ್ಲಿ ಸುಮಾರು ಇಪ್ಪತ್ತು ಅಕ್ಷರ ಬೇರೆ.

ಆದರೆ ರಿಕೆಟ್ಸಿಯಾಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವುಗಳ 16ಎಸ್ ಒಂದಕ್ಕೊಂದು ಹೆಚ್ಚು ಕಡಿಮೆ ಒಂದೇ. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ದೂರದಿಂದ ಬಣ್ಣ ನೋಡಿ ಬಸ್ಸು ಉಡುಪಿಗೋ ಕಾರ್ಕಳಕ್ಕೋ ಎಂದು ಹೇಳಿದ ಹಾಗಾಗುತ್ತದೆ. ಹತ್ತಿರ ಹೋಗಿ ಬೋರ್ಡ್ ಓದಬೇಕು. ಹಾಗಾಗಿ ಜಿಎಲ್‌ಟಿಎ, ಓಎಂಪಿಎ, ಓಎಂಪಿಬಿ, ಎಸ್‌ಸಿಎ4 ಎಂಬ ಇನ್ನೂ ನಾಲ್ಕು ಜೀನುಗಳನ್ನು ಓದುತ್ತಾರೆ. 2003ರಲ್ಲಿ ಫ್ರಾನ್ಸಿನ ತಂಡವೊಂದು ಇವುಗಳಿಗೆ ಗಡಿರೇಖೆ ಹಾಕಿಕೊಟ್ಟಿತು. ಅನಾಪ್ಲಾಸ್ಮಾ, ಎರ್ಲಿಕಿಯಾಗಳಿಗೆ ಗ್ರೋಈಎಲ್ ಜೀನ್ ಜಾಸ್ತಿ ಬಳಕೆ.

ಈಗ ಇಡೀ ಜೀನೋಮನ್ನೇ, ಅಂದರೆ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್ಎಯನ್ನೇ, ಓದಿಸುವುದು ಅಗ್ಗವಾಗಿದೆ. ಎರಡು ಜೀನೋಮುಗಳ ಸರಾಸರಿ ಹೋಲಿಕೆ ಶೇ 95-96ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಬೇರೆ ಪ್ರಭೇದ ಎನ್ನುತ್ತಾರೆ. ಇಲ್ಲೂ ರಿಕೆಟ್ಸಿಯಾದವರು ಜಗಳ ತೆಗೆಯುತ್ತಾರೆ. ಈ ಲೆಕ್ಕ ಹಿಡಿದರೆ ಈಗಾಗಲೇ ಹೆಸರಿರುವ ಎಷ್ಟೋ ಪ್ರಭೇದಗಳು ಒಂದೇ ಆಗಿಬಿಡುತ್ತವೆ.

ಹೆಸರುಗಳು ಕೂಡಿಹೋಗುವುದೂ ಉಂಟು. ಕುರಿ, ದನಗಳದ್ದು ಒಂದು, ಕುದುರೆಯದ್ದು ಒಂದು, ಮನುಷ್ಯರದ್ದು ಒಂದು ಎಂದು ಬೇರೆ ಬೇರೆಯಾಗಿ ಕರೆಯುತ್ತಿದ್ದ ಮೂರನ್ನು 2001ರಲ್ಲಿ ಸೇರಿಸಿ ಅನಾಪ್ಲಾಸ್ಮಾ ಫ್ಯಾಗೋಸೈಟೋಫಿಲಂ ಎಂದು ಒಂದೇ ಮಾಡಿದರು. ಆಸರೆ ಪ್ರಾಣಿ ಬೇರೆಯಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಬೇರೆ ಆಗಬೇಕೆಂದಿಲ್ಲ.

ಕೆಲವು ಹೆಸರಿನ ಮುಂದೆ ‘ಕ್ಯಾಂಡಿಡೇಟಸ್’ ಅಂತ ಇರುತ್ತಲ್ಲ, ಅದೇನು?

ಉಮೇದುವಾರ ಅಂತ ಅರ್ಥ. ಡಿಎನ್ಎ ಸಿಕ್ಕಿದೆ, ಆದರೆ ಲ್ಯಾಬಿನಲ್ಲಿ ಬೆಳೆಸಿ ತೋರಿಸಲು ಆಗಿಲ್ಲ. ನಿಯಮದ ಪ್ರಕಾರ ಪೂರ್ತಿ ಹೆಸರು ಬೇಕಾದರೆ ಜೀವಂತ ಬ್ಯಾಕ್ಟೀರಿಯಾವನ್ನು ಎರಡು ಬೇರೆ ದೇಶಗಳ ಸಂಗ್ರಹಗಳಲ್ಲಿ ಇಡಬೇಕು. ಉಣ್ಣಿಯ ಬ್ಯಾಕ್ಟೀರಿಯಾಗಳಿಗೆ ಇದು ದೊಡ್ಡ ತಲೆನೋವು. ರಿಕೆಟ್ಸಿಯಾ ಇನ್ನೊಂದು ಜೀವಕೋಶದ ಒಳಗೇ ಬದುಕುವುದು. ಬೇಕಾದ್ದೆಲ್ಲ ಅಲ್ಲಿ ಸಿಗುವುದರಿಂದ ತನ್ನ ಜೀನುಗಳನ್ನು ಕಳೆದುಕೊಳ್ಳುತ್ತಾ ಬಂದಿದೆ. ನಮ್ಮ ಕರುಳಿನ ಇ. ಕೊಲೈ (E. coli) ಬ್ಯಾಕ್ಟೀರಿಯಾಕ್ಕೆ ಸುಮಾರು 46 ಲಕ್ಷ ಅಕ್ಷರಗಳ ಜೀನೋಮ್, ರಿಕೆಟ್ಸಿಯಾ ಕೊನೊರಿಗೆ ಸುಮಾರು 13 ಲಕ್ಷ. ಬಾಡಿಗೆ ಮನೆಯಲ್ಲಿ ಇರುವವರು ಬಾವಿ ತೋಡುವುದಿಲ್ಲವಲ್ಲ, ಹಾಗೆ. ತಟ್ಟೆಯ ಜೆಲ್ಲಿಯ ಮೇಲೆ ಅದು ಬೆಳೆಯುವುದಿಲ್ಲ, ಜೀವಂತ ಕೋಶಗಳ ಮೇಲೆಯೇ ಬೆಳೆಸಬೇಕು, ಅದಕ್ಕೆ ಹೆಚ್ಚು ಭದ್ರತೆಯ ಲ್ಯಾಬ್ ಬೇಕು.

2022ರಿಂದ ಸೆಕ್‌ಕೋಡ್ ಎಂಬ ಇನ್ನೊಂದು ನಿಯಮಾವಳಿ ಬಂದಿದೆ. ಅದರಲ್ಲಿ ಒಳ್ಳೆಯ ಜೀನೋಮ್ ಇದ್ದರೆ ಹೆಸರಿಡಬಹುದು.

ಹೆಸರು ಯಾರು ಇಡೋದು? ನಮ್ಮೂರಿನ ಹೆಸರು ಇಡಬಹುದಾ?

ಕಂಡುಹಿಡಿದವರೇ ಇಡುತ್ತಾರೆ. ಊರಿನ ಹೆಸರಿಗೆ ‘ಎನ್ಸಿಸ್’ ಸೇರಿಸುವುದು ರೂಢಿ. ಜಪಾನಿನ ಮಿಕುರಾ ದ್ವೀಪದ ಇಲಿಗಳಲ್ಲಿ ಸಿಕ್ಕಿದ್ದು ನಿಯೋಎರ್ಲಿಕಿಯಾ ಮಿಕುರೆನ್ಸಿಸ್, 2004ರಲ್ಲಿ. ಯಾರಿಗೂ ಏನೂ ಮಾಡದ ಇಲಿಯ ಬ್ಯಾಕ್ಟೀರಿಯಾ ಎಂದುಕೊಂಡಿದ್ದರು. 2010ರಲ್ಲಿ ಯುರೋಪಿನ ರೋಗಿಗಳಲ್ಲಿ ಕಾಣಿಸಿತು. ಉಡುಪಿಯೆನ್ಸಿಸ್ ಎಂದು ಇಡಲು ನಿಯಮದ ಅಡ್ಡಿ ಇಲ್ಲ. ಊರಿನವರು ಬೈದರೆ ಅದು ಬೇರೆ ವಿಷಯ.

ಉಣ್ಣಿಯಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಎಲ್ಲ ರೋಗ ತರುತ್ತಾ?

ಇಲ್ಲ. ಪೇಪರಿನವರು ‘ಉಣ್ಣಿಯಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ’ ಎಂದು ದಪ್ಪಕ್ಷರದಲ್ಲಿ ಹಾಕಿದ ದಿನ ನಾನು ಫೋನ್ ಸೈಲೆಂಟ್ ಮಾಡಿ ಇಡುವುದು ಇದಕ್ಕೇ.

ಉಣ್ಣಿ ಹುಟ್ಟಿದಾರಭ್ಯ ರಕ್ತ ಬಿಟ್ಟು ಬೇರೇನೂ ತಿನ್ನುವುದಿಲ್ಲ. ರಕ್ತದಲ್ಲಿ ಬಿ ವಿಟಮಿನ್ ಕಡಿಮೆ. ಅದನ್ನು ತಯಾರಿಸಿಕೊಡುವ ಬ್ಯಾಕ್ಟೀರಿಯಾಗಳನ್ನು ಅದು ಮೈಯೊಳಗೇ ಸಾಕಿಕೊಂಡಿರುತ್ತದೆ. ಕಾಕ್ಸಿಯೆಲ್ಲಾ, ಫ್ರಾನ್ಸಿಸೆಲ್ಲಾಗಳ ಹತ್ತಿರದ ನೆಂಟರು ಇವು. ಇವಿಲ್ಲದಿದ್ದರೆ ಉಣ್ಣಿಯೇ ಸೊರಗುತ್ತದೆ. ಗಮ್ಮತ್ತೆಂದರೆ, ಇದೇ ಕುಟುಂಬದ ಕಾಕ್ಸಿಯೆಲ್ಲಾ ಬರ್ನೆಟಿ ಕ್ಯೂ ಜ್ವರ ತರುವಂಥದ್ದು. ಜೀನಿನ ಚಿಕ್ಕ ತುಂಡು ಓದಿ ‘ಕಾಕ್ಸಿಯೆಲ್ಲಾ ಸಿಕ್ಕಿತು’ ಎಂದು ಬರೆದರೆ ಸಾಕಿದ್ದು ಯಾವುದು, ಮಾರಿ ಯಾವುದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಆಗ ತಾನೇ ದನದ ಮೈಯಿಂದ ಕಿತ್ತ ಉಣ್ಣಿಯ ಹೊಟ್ಟೆಯಲ್ಲಿ ದನದ ರಕ್ತ ಇರುತ್ತದೆ, ರಕ್ತದ ಜೊತೆ ಬಂದ ಬ್ಯಾಕ್ಟೀರಿಯಾವೂ ಇರುತ್ತದೆ. ಉಣ್ಣಿ ಅದನ್ನು ಇನ್ನೊಬ್ಬರಿಗೆ ದಾಟಿಸುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ. ಊಟದಲ್ಲಿ ಸಿಕ್ಕಿತು, ಅಷ್ಟೇ.

ಸರಿ, ಆ ಬ್ಯಾಕ್ಟೀರಿಯಾ ಕಾಡಿನಲ್ಲಿ ಯಾವ ಪ್ರಾಣಿಯಲ್ಲಿ ಇರುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಜೀನ್ ಓದುವುದು ವಾರದ ಕೆಲಸ. ಇದಕ್ಕೆ ವರ್ಷಗಳು ಬೇಕು.

ಪುಸ್ತಕಗಳಲ್ಲಿ ಆತಿಥೇಯ ಎನ್ನುತ್ತಾರೆ, ನಾನು ಆಸರೆ ಪ್ರಾಣಿ ಅನ್ನುತ್ತೇನೆ. ಉಣ್ಣಿಗೆ ಊಟ ಕೊಡುವ ಪ್ರಾಣಿ ಬೇರೆ, ಬ್ಯಾಕ್ಟೀರಿಯಾಕ್ಕೆ ಆಸರೆ ಕೊಡುವ ಪ್ರಾಣಿ ಬೇರೆ. ಅಮೆರಿಕದ ಲೈಮ್ ಕಾಯಿಲೆಯನ್ನೇ ನೋಡಿ. ಅಲ್ಲಿನ ದೊಡ್ಡ ಉಣ್ಣಿಗಳು ಜಿಂಕೆಯ ಮೈಮೇಲೆ ತುಂಬಿರುತ್ತವೆ. ಜಿಂಕೆ ಇದ್ದಲ್ಲಿ ಉಣ್ಣಿ ಜಾಸ್ತಿ. ಆದರೆ ಜಿಂಕೆಯಿಂದ ಉಣ್ಣಿಗೆ ಆ ಬೊರ್ರೇಲಿಯಾ ದಾಟುವುದಿಲ್ಲ. ದಾಟುವುದು ಬಿಳಿಕಾಲಿನ ಒಂದು ಸಣ್ಣ ಕಾಡಿಲಿಯಿಂದ. ಲಾರ್ವಾ ಆ ಇಲಿಯಲ್ಲಿ ಮೊದಲ ಊಟ ಮಾಡುವಾಗ ಸೋಂಕು ತಗುಲಿಸಿಕೊಂಡು, ನಿಂಫ್ ಆದ ಮೇಲೆ ಮನುಷ್ಯನಿಗೆ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ವಿಚಿತ್ರ. ಅಲ್ಲಿನ ಒಂದು ಓತಿಕ್ಯಾತದ ರಕ್ತವೇ ಆ ಬೊರ್ರೇಲಿಯಾವನ್ನು ಕೊಲ್ಲುತ್ತದೆ. ಅದರ ರಕ್ತ ಕುಡಿದ ನಿಂಫ್ ಸೋಂಕಿನಿಂದ ಬಿಡುಗಡೆಯಾಗುತ್ತದೆ. ಇದು 1998ರಲ್ಲಿ ಗೊತ್ತಾಯಿತು.

ಪ್ರಾಣಿಯನ್ನು ಹುಡುಕಲು ಕಾಡಿನಲ್ಲಿ ಪುಟ್ಟ ತಗಡಿನ ಬೋನು ಇಡುತ್ತಾರೆ. ಒಳಗೆ ಸುಟ್ಟ ತೆಂಗಿನಕಾಯಿ ಚೂರು. ಒಣಮೀನು ಇಟ್ಟರೆ ಮೂಗಿಲಿಯೂ ಬರುತ್ತದೆ, ಇರುವೆಗಳೂ ಬರುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ನೋಡಬೇಕು, ಇಲ್ಲದಿದ್ದರೆ ತಗಡು ಕಾದು ಒಳಗಿನ ಜೀವ ಸಾಯುತ್ತದೆ. ಸಿಕ್ಕಿದ್ದನ್ನು ಅಳೆದು, ಕಿವಿಯ ಹಿಂದೆ ಮುಂದೆ ಅಂಟಿದ ಉಣ್ಣಿಗಳನ್ನು ತೆಗೆದು, ಒಂದೆರಡು ಹನಿ ರಕ್ತ, ಕಿವಿಯ ಎರಡು ಮಿಲಿಮೀಟರ್ ಚೂರು ತೆಗೆದುಕೊಂಡು ಬಿಟ್ಟುಬಿಡುವುದು. ಕಿವಿ ಯಾಕೆಂದರೆ ಬೊರ್ರೇಲಿಯಾ ಚರ್ಮದಲ್ಲಿ ಅಡಗುತ್ತದೆ, ರಕ್ತದಲ್ಲಿ ಕಾಣದಿದ್ದರೂ ಅಲ್ಲಿ ಸಿಗುತ್ತದೆ.

ರಕ್ತದಲ್ಲಿ ಡಿಎನ್ಎ ಸಿಕ್ಕಿತು, ಮುಗಿಯಿತಾ? ಇಲ್ಲ. ಆ ಪ್ರಾಣಿಗೆ ಎರಡು ದಿನದ ಮಟ್ಟಿಗೆ ಸೋಂಕು ಬಂದು ಹೋಗಿರಬಹುದು. ಅದು ಉಣ್ಣಿಗೆ ದಾಟಿಸುತ್ತದೆ ಎಂದು ತೋರಿಸಬೇಕು. ಅದಕ್ಕೆ ಲ್ಯಾಬಿನಲ್ಲೇ ಮೊಟ್ಟೆಯಿಂದ ಮರಿ ಮಾಡಿಸಿದ, ಸೋಂಕಿಲ್ಲದ ಲಾರ್ವಾಗಳನ್ನು ಆ ಪ್ರಾಣಿಯ ಮೇಲೆ ಬಿಡುತ್ತಾರೆ. ಅವು ಕುಡಿದು ಉದುರಿ ನಿಂಫ್ ಆಗುವ ತನಕ ಕಾದು, ನಿಂಫನ್ನು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಾ ಇದ್ದರೆ ಆ ಪ್ರಾಣಿಯಿಂದಲೇ ಬಂತು, ಬೇರೆ ದಾರಿಯೇ ಇಲ್ಲ.

ಮತ್ತೆ ಉಣ್ಣಿಯ ಮೂರು ಊಟದ ಲೆಕ್ಕ. ಬಟ್ಟೆಗೆ ಅಂಟಿದ, ಹಸಿದ ಲಾರ್ವಾದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ? ಅದು ಇನ್ನೂ ಒಂದೂ ಊಟ ಮಾಡಿಲ್ಲ. ಹಾಗಾದರೆ ತಾಯಿಯಿಂದ ಮೊಟ್ಟೆಯ ಮೂಲಕ ಬಂದಿರಬೇಕು. ಹಲವು ರಿಕೆಟ್ಸಿಯಾಗಳು ಹೀಗೆಯೇ ಸಾಗುತ್ತವೆ. ಅಂಥವಕ್ಕೆ ಉಣ್ಣಿಯೇ ಆಸರೆ, ಬೇರೆ ಪ್ರಾಣಿ ಆಗೀಗ ಸಾಕು. ಲೈಮ್‌ನ ಬೊರ್ರೇಲಿಯಾ ಹೀಗೆ ಮೊಟ್ಟೆಯಿಂದ ಬರುವುದಿಲ್ಲ. ಅದೇ ಬಳಗದ ಬೊರ್ರೇಲಿಯಾ ಮಿಯಾಮೊಟೊಯಿ ಬರುತ್ತದೆ.

ಉಣ್ಣಿಯ ಹಳೆಯ ಊಟದ ಗುರುತು ಹಿಡಿದು, ಹೋದ ಸಲ ಯಾರ ರಕ್ತ ಕುಡಿದಿತ್ತು ಎಂದು ನೋಡುವ ಕ್ರಮವೂ ಇದೆ. ಸೊಳ್ಳೆಯಲ್ಲಿ ಸುಲಭ, ಉಣ್ಣಿಯಲ್ಲಿ ಕಷ್ಟ. ಊಟ ಆಗಿ ಎಷ್ಟೋ ತಿಂಗಳಾಗಿರುತ್ತದೆ, ಡಿಎನ್ಎ ಚೂರುಚೂರಾಗಿರುತ್ತದೆ. ಎಷ್ಟೋ ಸಲ ಉತ್ತರ ‘ಮನುಷ್ಯ’ ಎಂದು ಬರುತ್ತದೆ. ನೋಡಿದರೆ ಅದು ನಮ್ಮದೇ ಕೈಯ ಡಿಎನ್ಎ.

ನಮ್ಮ ಹಟ್ಟಿಯ ದನ, ಮನೆಯ ನಾಯಿಯಿಂದ ಭಯ ಇದೆಯಾ?

ದನದ ಮೈಮೇಲೆ ಜಾಸ್ತಿ ಕಾಣುವ ರೈಪಿಸೆಫಾಲಸ್ ಮೈಕ್ರೋಪ್ಲಸ್ ಉಣ್ಣಿ ಮೂರೂ ಊಟವನ್ನು ಒಂದೇ ದನದ ಮೇಲೆ ಮುಗಿಸುತ್ತದೆ. ಹಾಗಾಗಿ ಇಲಿಯಿಂದ ದನಕ್ಕೆ, ದನದಿಂದ ಮನುಷ್ಯನಿಗೆ ಎಂದು ಸಾಗಿಸುವ ಕೆಲಸಕ್ಕೆ ಅದು ಅಷ್ಟು ಆಗಿಬರುವುದಿಲ್ಲ. ದನಕ್ಕೆ ಮಾತ್ರ ಅನಾಪ್ಲಾಸ್ಮಾ ಮಾರ್ಜಿನೇಲ್ ಕೊಟ್ಟು ರಕ್ತ ಕಡಿಮೆ ಮಾಡುತ್ತದೆ. ಥೈಲೇರಿಯಾ, ಬಬೇಸಿಯಾ ಹೆಸರುಗಳನ್ನೂ ಪಶುವೈದ್ಯರ ಬಾಯಲ್ಲಿ ಕೇಳಿರುತ್ತೀರಿ. ಅವೂ ಉಣ್ಣಿಯಿಂದ ಬರುವವೇ, ಆದರೆ ಬ್ಯಾಕ್ಟೀರಿಯಾ ಅಲ್ಲ.

ನಾಯಿಯ ಕಂದು ಉಣ್ಣಿ ಬೇರೆ ತರ. ಅದು ಪ್ರತಿ ಊಟಕ್ಕೂ ಕೆಳಗಿಳಿದು, ಗೋಡೆ ಹತ್ತಿ, ಸಂದಿಯಲ್ಲಿ ಪೊರೆ ಬಿಟ್ಟು ವಾಪಸ್ ಬರುತ್ತದೆ. ನಾಯಿಗೆ ಎರ್ಲಿಕಿಯಾ ಕ್ಯಾನಿಸ್ ಕೊಡುತ್ತದೆ. ಮೂಗಿನಲ್ಲಿ ರಕ್ತ, ಊಟ ಬಿಡುವುದು, ಪ್ಲೇಟ್‌ಲೆಟ್ ಇಳಿಯುವುದು, ನಾಯಿ ಸಾಕಿದವರಿಗೆ ಗೊತ್ತೇ ಇದೆ. ಭಾರತದ ಚುಕ್ಕೆ ಜ್ವರದ ರಿಕೆಟ್ಸಿಯಾ ಕೊನೊರಿ ಇಂಡಿಕಾ ಸಿಕ್ಕಿದ್ದೂ ಇದೇ ಉಣ್ಣಿಯಲ್ಲಿ, 1950ರಲ್ಲಿ. ಅದಕ್ಕೆ ಉಪಪ್ರಭೇದ ಎಂಬ ಸ್ಥಾನ ಸಿಕ್ಕಿದ್ದು 2005ರಲ್ಲಿ. ನಾಯಿಯನ್ನು ಹೊರಗೆ ಹಾಕುವುದೇನೂ ಬೇಡ, ಉಣ್ಣಿಗೆ ಔಷಧಿ ಹಾಕಿ. ಗೂಡಿನ ಗೋಡೆಯ ಸಂದಿಗಳನ್ನೂ ಮರೆಯಬೇಡಿ.

ಸ್ಕ್ರಬ್ ಟೈಫಸ್ ಜ್ವರವೂ ಇದೇ ಗುಂಪಿನದ್ದಾ?

ದೂರದ ನೆಂಟ. ಅದನ್ನು ತರುವುದು ಉಣ್ಣಿಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ. ತುಂಬ ವರ್ಷ ಅದಕ್ಕೆ ಒಂದೇ ಬ್ಯಾಕ್ಟೀರಿಯಾ ಎಂದುಕೊಂಡಿದ್ದರು, ಓರಿಯೆಂಟಿಯಾ ಸುತ್ಸುಗಮುಶಿ. 2006ರಲ್ಲಿ ದುಬೈಗೆ ಹೋಗಿ ಆಸ್ಟ್ರೇಲಿಯಾಕ್ಕೆ ಮರಳಿದ ಒಬ್ಬರಿಗೆ ಜ್ವರ ಬಂತು. ಅವರ ರಕ್ತದಲ್ಲಿ ಸಿಕ್ಕಿದ್ದು ಎರಡನೇ ಪ್ರಭೇದ. 2010ರಲ್ಲಿ ಅದಕ್ಕೆ ಓರಿಯೆಂಟಿಯಾ ಚುಟೊ ಎಂದು ಹೆಸರಿಟ್ಟರು, ಅದೂ ಉಮೇದುವಾರನೇ. ದುಬೈಯಲ್ಲಿ ಅದು ಇರಬಹುದು ಎಂದು ಯಾರೂ ಎಣಿಸಿರಲಿಲ್ಲ. ನಮ್ಮ ಕರಾವಳಿಯ ಪ್ರತಿ ಎರಡನೇ ಮನೆಯವರು ಗಲ್ಫಿಗೆ ಹೋಗಿ ಬರುವುದರಿಂದ ಹೇಳಿದೆ. ಜ್ವರ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ.

ಜ್ವರ ಬಂದರೆ ಯಾವ ಪ್ರಭೇದ ಅಂತ ಡಾಕ್ಟರಿಗೆ ಗೊತ್ತಾಗಲೇಬೇಕಾ?

ಚಿಕಿತ್ಸೆ ಶುರು ಮಾಡಲು ಬೇಡ. ರಿಕೆಟ್ಸಿಯಾ, ಎರ್ಲಿಕಿಯಾ, ಅನಾಪ್ಲಾಸ್ಮಾ, ಎಲ್ಲಕ್ಕೂ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯದೆ ಕೊಡುತ್ತಾರೆ. ತಡ ಮಾಡಿದರೆ ಕಷ್ಟ. ಆದರೆ ಮೆಡಿಕಲ್‌ನಲ್ಲಿ ಕೇಳಿ ನೀವೇ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಜ್ವರ ಅಂದರೆ ಇಲಿ ಜ್ವರ, ಡೆಂಗ್ಯೂ, ಮಲೇರಿಯಾ ಎಲ್ಲವೂ ಸಾಲಲ್ಲಿ ನಿಂತಿರುತ್ತವೆ.

ಸಣ್ಣ ಲ್ಯಾಬುಗಳಲ್ಲಿ ಮಾಡುವ ವೈಲ್-ಫೆಲಿಕ್ಸ್ ಪರೀಕ್ಷೆ 1916ರದು. ರಿಕೆಟ್ಸಿಯಾಕ್ಕೆ ಸಂಬಂಧವೇ ಇಲ್ಲದ ಪ್ರೋಟಿಯಸ್ ಬ್ಯಾಕ್ಟೀರಿಯಾ ಬಳಸಿ ಮಾಡುವುದು. ‘ಈ ಗುಂಪಿನದ್ದು ಇರಬಹುದು’ ಎಂಬಷ್ಟು ಹೇಳುತ್ತದೆ. ಯಾವ ಪ್ರಭೇದ ಎಂದು ಅದರಿಂದ ಗೊತ್ತಾಗುವುದಿಲ್ಲ. ಹೊಸದು ಇದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ಕಾಲೇಜಿನ ಪ್ರಾಜೆಕ್ಟಿಗೆ ನಾನೂ ಕಾಡಿಗೆ ಹೋಗಿ ಉಣ್ಣಿ ಹಿಡಿಯಬಹುದಾ?

ಅಭಯಾರಣ್ಯ, ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕಾಡುಪ್ರಾಣಿ ಹಿಡಿಯುವುದಂತೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತದೆ, ಜೊತೆಗೆ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯೂ ಬೇಕು. ಸುಮ್ನೆ ಬೋನು ಹಿಡಿದುಕೊಂಡು ಕುದುರೆಮುಖದ ಕಡೆ ಹೊರಡಬೇಡಿ. ಮನೆಯ ದನ, ನಾಯಿಯಿಂದ ಶುರು ಮಾಡಿ. ಮೊದಲ ವರ್ಷಕ್ಕೆ ಅಷ್ಟೇ ಬೇಕಾದಷ್ಟಾಯಿತು.

ನನಗೇ ಉಣ್ಣಿ ಕಚ್ಚಿದೆ. ಏನು ಮಾಡಲಿ? ಅದನ್ನು ಇಟ್ಟುಕೊಳ್ಳಬೇಕಾ?

ಸುಣ್ಣ ಹಚ್ಚಬೇಡಿ, ಸೀಮೆಎಣ್ಣೆ ಹಾಕಬೇಡಿ, ಊದುಬತ್ತಿಯಿಂದ ಸುಡಬೇಡಿ. ತೆಳು ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಬೆರಳಲ್ಲಿ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆಯಿರಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಚುಕ್ಕೆ, ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಂಡರೆ ಡಾಕ್ಟರ ಹತ್ತಿರ ಹೋಗಿ, ಉಣ್ಣಿ ಕಚ್ಚಿದ್ದನ್ನು ನೀವಾಗಿಯೇ ಹೇಳಿ. ಅವರು ಕೇಳದೇ ಇರಬಹುದು.

ಉಣ್ಣಿಯನ್ನು ಬಿಸಾಡಬೇಡಿ. ಚಿಕ್ಕ ಬಾಟಲಿಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಅದರಲ್ಲಿಡಿ. ದಿನ, ಊರು, ಯಾರ ಮೈಯಿಂದ ತೆಗೆದದ್ದು, ಇಷ್ಟನ್ನು ಚೀಟಿಯಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಲವತ್ತು ಬಾಟಲಿಗಳಿಗೆ ಜೆಲ್ ಪೆನ್ನಿನಲ್ಲಿ ಚಂದಕ್ಕೆ ಬರೆದು ಇಟ್ಟಿದ್ದೆ. ಸೋಮವಾರ ಬಂದು ನೋಡಿದರೆ ನಲವತ್ತು ಬಿಳಿ ಚೀಟಿ, ತಿಳಿ ನೀಲಿ ಸ್ಪಿರಿಟ್, ಒಳಗೆ ಯಾವ ಊರಿನದೋ ಗೊತ್ತಿಲ್ಲದ ಉಣ್ಣಿಗಳು.